ಗ್ರಹಗಳ ಸುತ್ತಲಿನ ಪ್ಲಾಸ್ಮಾ ಮತ್ತು ಕಾಂತಗೋಳ: ಪದೇ ಪದೇ ಕೇಳುವ ಪ್ರಶ್ನೆಗಳು

ಆದಿತ್ಯ-ಎಲ್1 ಹಾರಿದ ಮೇಲೆ, ಅದರಲ್ಲೂ 2024ರ ಮೇ ತಿಂಗಳ ಸೌರ ಬಿರುಗಾಳಿಯ ನಂತರ, ಈ ವಿಷಯದ ಬಗ್ಗೆ ಕೇಳುವವರು ಜಾಸ್ತಿಯಾಗಿದ್ದಾರೆ. ಹೆಚ್ಚಾಗಿ ಕಿವಿಗೆ ಬಿದ್ದ ಪ್ರಶ್ನೆಗಳನ್ನು ಇಲ್ಲಿ ಕೂಡಿಸಿದ್ದೇನೆ. ಕೆಲವಕ್ಕೆ ನಾಲ್ಕು ಸಾಲು ಸಾಕು, ಕೆಲವಕ್ಕೆ ಸಾಲದು.

ಪ್ಲಾಸ್ಮಾ ಅಂದ್ರೆ ಏನು?

ಅನಿಲವನ್ನು ತುಂಬಾ ಬಿಸಿ ಮಾಡಿದರೆ, ಅಥವಾ ಅದರ ಮೇಲೆ ಜೋರಾದ ಅತಿನೇರಳೆ ಬೆಳಕು ಬಿದ್ದರೆ, ಪರಮಾಣುಗಳಿಂದ ಎಲೆಕ್ಟ್ರಾನುಗಳು ಕಳಚಿಕೊಳ್ಳುತ್ತವೆ. ಉಳಿದದ್ದು ಧನ ಆವೇಶದ ಅಯಾನು. ಎಲೆಕ್ಟ್ರಾನು, ಅಯಾನುಗಳ ಈ ಕಲಸುಮೇಲೋಗರವೇ ಪ್ಲಾಸ್ಮಾ. ಮಿಂಚಿನಲ್ಲಿದೆ, ಉರಿಯುವ ಟ್ಯೂಬ್‌ಲೈಟಿನೊಳಗಿದೆ, ಸೂರ್ಯ ಪೂರ್ತಿ ಅದೇ.

ಸಾಮಾನ್ಯ ಗಾಳಿಯಲ್ಲಿ ಒಂದು ಕಣಕ್ಕೆ ಇನ್ನೊಂದರ ಸುದ್ದಿ ಗೊತ್ತಾಗುವುದು ಡಿಕ್ಕಿ ಹೊಡೆದಾಗ ಮಾತ್ರ. ಪ್ಲಾಸ್ಮಾದಲ್ಲಿ ಹಾಗಲ್ಲ. ಕಣಗಳಿಗೆ ವಿದ್ಯುತ್ ಆವೇಶ ಇರುವುದರಿಂದ ಅವು ದೂರದಿಂದಲೇ ಒಂದನ್ನೊಂದು ಎಳೆಯುತ್ತವೆ, ತಳ್ಳುತ್ತವೆ. ಅವು ಹರಿದರೆ ವಿದ್ಯುತ್ ಪ್ರವಾಹ. ಪ್ರವಾಹ ಇದ್ದಲ್ಲಿ ಕಾಂತಕ್ಷೇತ್ರ. ಆ ಕ್ಷೇತ್ರ ಮತ್ತೆ ಅದೇ ಕಣಗಳ ದಾರಿ ಬದಲಿಸುತ್ತದೆ. ಯಾರು ಯಾರನ್ನು ನಡೆಸುತ್ತಿದ್ದಾರೆ ಅಂತ ಬಿಡಿಸಿ ಹೇಳುವುದೇ ಕಷ್ಟ.

ಒಂದು ನಿಯಮ ಮಾತ್ರ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ: ಆವೇಶ ಇರುವ ಕಣ ಕಾಂತರೇಖೆಯ ಉದ್ದಕ್ಕೆ ಸುಲಭವಾಗಿ ಓಡುತ್ತದೆ, ಅಡ್ಡಲಾಗಿ ದಾಟಲು ಹೋದರೆ ಅದರ ಸುತ್ತಲೇ ಸುತ್ತುತ್ತದೆ.

ಸೌರಮಾರುತ ನಿಜವಾಗಿಯೂ ಗಾಳಿಯಾ?

ಸೂರ್ಯನಿಂದ ಸದಾ ಹೊರಗೆ ಹರಿಯುವ ಪ್ಲಾಸ್ಮಾ ಇದು. ವೇಗ ನೋಡಿದರೆ ಭಯಂಕರ: ಸೆಕೆಂಡಿಗೆ 300ರಿಂದ 800 ಕಿ.ಮೀ. ಆದರೆ ಭೂಮಿಯ ಹತ್ತಿರ ಬರುವ ಹೊತ್ತಿಗೆ ಒಂದು ಘನ ಸೆಂಟಿಮೀಟರಿನಲ್ಲಿ ಐದಾರು ಪ್ರೋಟಾನು ಇದ್ದರೆ ಹೆಚ್ಚು. ನಾವು ಉಸಿರಾಡುವ ಗಾಳಿಯಲ್ಲಿ ಅಷ್ಟೇ ಜಾಗದಲ್ಲಿ ಲಕ್ಷ ಕೋಟಿ ಕೋಟಿ ಲೆಕ್ಕದಲ್ಲಿ ಅಣುಗಳಿರುತ್ತವೆ. ಸೌರಮಾರುತದ ಎದುರು ಕೈಯೊಡ್ಡಿದರೂ ಏನೂ ತಿಳಿಯುವುದಿಲ್ಲ.

ಇದರ ಲೆಕ್ಕವನ್ನು 1958ರಲ್ಲಿ ಮುಂದಿಟ್ಟವರು ಯೂಜೀನ್ ಪಾರ್ಕರ್. ಸೂರ್ಯನ ಹೊರ ವಾತಾವರಣ, ಅಂದರೆ ಕರೋನಾ, ಹತ್ತು ಲಕ್ಷ ಡಿಗ್ರಿಗೂ ಮೀರಿ ಕಾದಿರುವುದರಿಂದ ಸೂರ್ಯನ ಗುರುತ್ವ ಅದನ್ನು ಹಿಡಿದಿಡಲಾರದು, ಅದು ಹೊರಗೆ ಹರಿಯಲೇಬೇಕು ಅಂದರು. ಲೇಖನ ಪರಿಶೀಲಿಸಿದ ಇಬ್ಬರೂ ಬೇಡ ಅಂದರು. ಆಗ ಆ ಪತ್ರಿಕೆಯ ಸಂಪಾದಕರಾಗಿದ್ದವರು ನಮ್ಮ ಎಸ್. ಚಂದ್ರಶೇಖರ್. ಅವರಿಗೂ ವಿಚಾರ ಇಷ್ಟವಾಗಿರಲಿಲ್ಲ. ಆದರೆ ಗಣಿತದಲ್ಲಿ ತಪ್ಪು ಸಿಗಲಿಲ್ಲ, ಪ್ರಕಟಿಸಿಬಿಟ್ಟರು. 1962ರಲ್ಲಿ ಶುಕ್ರನತ್ತ ಹೊರಟ ಮರಿನರ್ 2 ದಾರಿಯುದ್ದಕ್ಕೂ ಆ ಹರಿವನ್ನು ಅಳೆಯಿತು. ಸಂಪಾದಕ ಅಂದರೆ ಹೀಗಿರಬೇಕು, ಅಲ್ವಾ?

ಭೂಮಿಯ ಕಾಂತಗೋಳ ಗೋಳವಾಗಿಯೇ ಇದೆಯಾ?

ಇಲ್ಲ. ಭೂಮಿಯ ಕಾಂತಕ್ಷೇತ್ರದ ಹಿಡಿತ ನಡೆಯುವ ಜಾಗವೇ ಕಾಂತಗೋಳ, ಸೌರಮಾರುತ ಅದಕ್ಕೆ ಬಡಿಯುತ್ತಲೇ ಇರುತ್ತದೆ. ತುಂಬಿ ಹರಿಯುವ ಹೊಳೆಯಲ್ಲಿ ಸೇತುವೆಯ ಕಂಬ ನೋಡಿದ್ದೀರಲ್ಲ. ಮುಂದೆ ನೀರು ಒತ್ತಿಕೊಂಡು ಉಬ್ಬುತ್ತದೆ, ಹಿಂದೆ ಉದ್ದಕ್ಕೆ ಸೀಳಿಕೊಂಡು ಹೋಗುತ್ತದೆ. ಇಲ್ಲೂ ಆಕಾರ ಹಾಗೇ. ಸೂರ್ಯನ ಕಡೆಗೆ ಕಾಂತಗೋಳದ ಗಡಿ ಭೂಮಿಯ ತ್ರಿಜ್ಯದ ಸುಮಾರು ಹತ್ತು ಪಟ್ಟು ದೂರದಲ್ಲಿದೆ, ಅಂದರೆ 60-65 ಸಾವಿರ ಕಿ.ಮೀ. ಸೌರಮಾರುತ ಜೋರಾದರೆ ಈ ಗಡಿ ಇನ್ನೂ ಒಳಗೆ ಬರುತ್ತದೆ. ಹಿಂದಿನ ಬಾಲವಂತೂ ಚಂದ್ರನ ಕಕ್ಷೆಯನ್ನೂ ದಾಟಿ ಚಾಚಿದೆ. ಹುಣ್ಣಿಮೆಯ ಆಸುಪಾಸಿನ ಕೆಲವು ದಿನ ಚಂದ್ರ ಇರುವುದು ಈ ಬಾಲದೊಳಗೆ.

ಈ ಕಾಂತಕ್ಷೇತ್ರ ಹುಟ್ಟೋದು ಎಲ್ಲಿ?

ನಮ್ಮ ಕಾಲ ಕೆಳಗೆ ಸುಮಾರು 2,900 ಕಿ.ಮೀ. ಆಳದಲ್ಲಿ ಕರಗಿದ ಕಬ್ಬಿಣದ ಹೊರಗರ್ಭ ಶುರುವಾಗುತ್ತದೆ. ಅಷ್ಟು ಬಿಸಿಯಲ್ಲಿ ಯಾವ ಕಬ್ಬಿಣವೂ ಕಾಯಂ ಆಯಸ್ಕಾಂತವಾಗಿ ಉಳಿಯುವುದಿಲ್ಲ. ಆದರೆ ಆ ದ್ರವ ವಿದ್ಯುತ್ತನ್ನು ಹರಿಸುತ್ತದೆ, ಒಳಗಿನ ಶಾಖದಿಂದ ಕುದಿದು ಮೇಲೆ ಕೆಳಗೆ ಆಡುತ್ತದೆ, ಭೂಮಿ ತಿರುಗುವುದರಿಂದ ಸುರುಳಿಯಾಗುತ್ತದೆ. ಈ ಚಲನೆಯೇ ಡೈನಮೋ ಥರ ಕೆಲಸ ಮಾಡಿ ಕಾಂತಕ್ಷೇತ್ರವನ್ನು ಉಳಿಸಿಕೊಂಡು ಬರುತ್ತದೆ. ನೆಲದ ಮೇಲೆ ಅದರ ಬಲ ಜಾಗಕ್ಕೆ ತಕ್ಕಂತೆ ಸರಿಸುಮಾರು 25,000ದಿಂದ 65,000 ನ್ಯಾನೊಟೆಸ್ಲಾ.

ಕಾಂತಕ್ಷೇತ್ರ ಇಲ್ಲದಿದ್ದರೆ ಭೂಮಿಯ ಗಾಳಿಯೆಲ್ಲ ಹಾರಿಹೋಗ್ತಿತ್ತಂತೆ, ಹೌದಾ?

ಶಾಲಾ ಪುಸ್ತಕದಿಂದ ಯೂಟ್ಯೂಬ್ ತನಕ ಎಲ್ಲ ಕಡೆ ಹೀಗೇ ಹೇಳುತ್ತಾರೆ: ಕಾಂತಕ್ಷೇತ್ರ ನಮ್ಮ ಕವಚ, ಮಂಗಳ ಅದನ್ನು ಕಳೆದುಕೊಂಡು ಬರಡಾಯಿತು. ನನ್ನ ಪ್ರಕಾರ ಇದು ಅರ್ಧ ಕಥೆ.

ಮೊದಲು ಶುಕ್ರನನ್ನು ನೋಡಿ. ಅದು ತನ್ನ ಸುತ್ತ ಒಮ್ಮೆ ತಿರುಗಲು 243 ದಿನ ಬೇಕು. ತನ್ನದೇ ಆದ ಕಾಂತಕ್ಷೇತ್ರ ಇಲ್ಲ. ಸೂರ್ಯನಿಗೆ ನಮಗಿಂತ ಹತ್ತಿರ. ಆದರೂ ಅದರ ವಾತಾವರಣದ ಒತ್ತಡ ನಮ್ಮದಕ್ಕಿಂತ ಸುಮಾರು 90 ಪಟ್ಟು! ಕವಚ ಇಲ್ಲದಿದ್ದರೆ ಗಾಳಿ ಇಲ್ಲ ಅನ್ನುವ ಸೂತ್ರ ಇಲ್ಲೇ ಮುರಿಯುತ್ತದೆ. ಶುಕ್ರನ ಮೇಲ್ವಾತಾವರಣ ಸೂರ್ಯನ ಬೆಳಕಿಗೆ ಅಯಾನುಗಳಾಗಿ ಒಡೆಯುತ್ತದೆ. ಸೌರಮಾರುತ ಹೊತ್ತು ತರುವ ಕಾಂತರೇಖೆಗಳು ಆ ಪದರದಲ್ಲಿ ಪ್ರವಾಹ ಎಬ್ಬಿಸುತ್ತವೆ, ಗ್ರಹದ ಸುತ್ತ ಬಳಸಿಕೊಂಡು ರಾಶಿಯಾಗುತ್ತವೆ. ಹೀಗೆ ಎರವಲು ಸಾಮಾನಿನಿಂದಲೇ ಒಂದು ಕಾಂತಗೋಳ ಆಗಿಬಿಡುತ್ತದೆ.

ಈಗ ಮಂಗಳ. ಅದರ ಡೈನಮೋ ಸುಮಾರು 400 ಕೋಟಿ ವರ್ಷಗಳ ಹಿಂದೆಯೇ ನಿಂತಿತು. ಹಳೆಯ ಕ್ಷೇತ್ರದ ಗುರುತು ಬಂಡೆಗಳಲ್ಲಿ ಉಳಿದಿದೆ, ಅದರಲ್ಲೂ ದಕ್ಷಿಣಾರ್ಧದಲ್ಲಿ. ಇದನ್ನು ಪತ್ತೆ ಮಾಡಿದ್ದು 1997ರಲ್ಲಿ ಅಲ್ಲಿಗೆ ತಲುಪಿದ ಮಾರ್ಸ್ ಗ್ಲೋಬಲ್ ಸರ್ವೇಯರ್. 2014ರ ಸೆಪ್ಟೆಂಬರಿನಲ್ಲಿ, ನಮ್ಮ ಮಂಗಳಯಾನಕ್ಕಿಂತ ಎರಡೇ ದಿನ ಮುಂಚೆ ಮಂಗಳ ಮುಟ್ಟಿದ ನಾಸಾದ ಮೇವನ್ ನೌಕೆ, ಸೌರಮಾರುತ ಅಲ್ಲಿಂದ ಸೆಕೆಂಡಿಗೆ ಸುಮಾರು 100 ಗ್ರಾಂ ಅನಿಲ ಒಯ್ಯುತ್ತಿದೆ ಅಂತ ಲೆಕ್ಕ ಕೊಟ್ಟಿತು. ಬಿರುಗಾಳಿ ಬಂದಾಗ ಇನ್ನೂ ಜಾಸ್ತಿ. ಸೂರ್ಯ ಎಳೆಯನಾಗಿದ್ದಾಗ ಈ ಲೂಟಿ ಬಹಳ ದೊಡ್ಡದಿತ್ತು. ಆದರೆ ಮಂಗಳದ ದೊಡ್ಡ ಕೊರತೆ ಗುರುತ್ವ. ಅಲ್ಲಿನ ಎಳೆತ ನಮ್ಮದರ ಶೇ 38ರಷ್ಟು ಮಾತ್ರ. ಕಣ ಓಡಿಹೋಗಲು ಹೆಚ್ಚು ಜೋರು ಬೇಕಾಗಿಲ್ಲ.

ಇನ್ನು ಭೂಮಿ. ನಮ್ಮ ಗಾಳಿಯೂ ಸೋರುತ್ತಿದೆ! ಧ್ರುವಗಳ ಮೇಲಿನ ಕಾಂತರೇಖೆಗಳು ಬಾಹ್ಯಾಕಾಶಕ್ಕೆ ತೆರೆದುಕೊಂಡಿವೆ. ರೇಖೆಯುದ್ದಕ್ಕೆ ಓಡುವುದು ಸುಲಭ ಅಂದೆನಲ್ಲ? ಆಮ್ಲಜನಕ, ಹೈಡ್ರೋಜನ್ ಅಯಾನುಗಳು ಅದೇ ದಾರಿ ಹಿಡಿದು ಹೊರಗೆ ಹೋಗುತ್ತವೆ. ಮೇಲಾಗಿ ಇಷ್ಟು ದೊಡ್ಡ ಕಾಂತಗೋಳ ಸೌರಮಾರುತದ ಶಕ್ತಿಯನ್ನು ವಿಶಾಲ ಜಾಗದಿಂದ ಹಿಡಿದು ಧ್ರುವಗಳಿಗೆ ಇಳಿಸುತ್ತದೆ, ಅದೂ ಅಯಾನುಗಳಿಗೆ ಜೋರು ಕೊಡುತ್ತದೆ. ಇಂದಿನ ಅಳತೆಗಳನ್ನು ಪಕ್ಕಪಕ್ಕ ಇಟ್ಟರೆ ಭೂಮಿಯ ಅಯಾನು ನಷ್ಟ ಶುಕ್ರ, ಮಂಗಳಗಳಿಗಿಂತ ಕಡಿಮೆಯೇನಲ್ಲ. ಕಾಂತಕ್ಷೇತ್ರ ಒಟ್ಟಾರೆ ಕಾಪಾಡುತ್ತದೋ ಸೋರಿಸುತ್ತದೋ ಅನ್ನುವುದು ಸಂಶೋಧಕರ ನಡುವೆ ಇನ್ನೂ ತೀರದ ವಾದ. ಹಾಗಾಗಿ ಕವಚ ಅನ್ನುವ ಮಾತು ಕೇಳಿದಾಗ ಸ್ವಲ್ಪ ತಡೆಯಿರಿ.

ಹಾಗಾದ್ರೆ ವಿಕಿರಣದಿಂದ ನಮ್ಮನ್ನು ಕಾಪಾಡೋದು ಯಾರು?

ನೆಲದ ಮೇಲಿರುವ ನಮಗೆ ಮುಖ್ಯವಾಗಿ ಗಾಳಿಯೇ. ನಮ್ಮ ತಲೆಯ ಮೇಲೆ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕಿಲೋ ಗಾಳಿ ಇದೆ. ಹತ್ತು ಮೀಟರ್ ನೀರಿನ ಕೆಳಗೆ ಕೂತಷ್ಟು ರಕ್ಷಣೆ. ಬಾಹ್ಯಾಕಾಶ ನಿಲ್ದಾಣದಲ್ಲಿರುವವರಿಗೆ ಕಾಂತಕ್ಷೇತ್ರದ ಸಹಾಯ ದೊಡ್ಡದು.

ವ್ಯಾನ್ ಆಲೆನ್ ಪಟ್ಟಿಗಳನ್ನು ದಾಟಿದರೆ ಸಾಯ್ತಾರಂತೆ?

ಚಂದ್ರನಿಗೆ ಹೋದದ್ದೇ ಸುಳ್ಳು ಅನ್ನುವವರ ಪ್ರಶ್ನೆ ಇದು. ಕಾಂತಕ್ಷೇತ್ರ ಹಿಡಿದಿಟ್ಟ ವೇಗದ ಕಣಗಳು ಭೂಮಿಯನ್ನು ಉಂಗುರದಂತೆ ಬಳಸಿರುವ ವಿಕಿರಣ ಪಟ್ಟಿಗಳಿವು. 1958ರಲ್ಲಿ ಎಕ್ಸ್‌ಪ್ಲೋರರ್ 1 ಪತ್ತೆ ಮಾಡಿದ ಈ ಪಟ್ಟಿಗಳಲ್ಲಿ ಒಳಗಿನದರಲ್ಲಿ ಪ್ರೋಟಾನುಗಳ ಜೋರು, ಹೊರಗಿನದರಲ್ಲಿ ಎಲೆಕ್ಟ್ರಾನುಗಳ ಜೋರು. ವರ್ಷಗಟ್ಟಲೆ ಅಲ್ಲೇ ಇದ್ದರೆ ಅಪಾಯ ಖಂಡಿತ. ಅಪೋಲೊ ಯಾತ್ರಿಕರು ಕೆಲವೇ ಗಂಟೆಗಳಲ್ಲಿ, ಅದೂ ದಟ್ಟ ಭಾಗವನ್ನು ತಪ್ಪಿಸಿಕೊಂಡು ದಾಟಿದರು. ಇಸ್ರೋದ ಚಂದ್ರಯಾನಗಳು ಭೂಮಿಯ ಸುತ್ತ ಕಕ್ಷೆ ಹಿಗ್ಗಿಸುತ್ತಾ ಹೋಗುವುದರಿಂದ ಪಟ್ಟಿಗಳನ್ನು ಹಲವು ಸಲ ಹಾಯುತ್ತವೆ. ಒಳಗಿನ ಎಲೆಕ್ಟ್ರಾನಿಕ್ಸನ್ನು ಅದಕ್ಕೆ ತಕ್ಕಂತೆಯೇ ಕಟ್ಟುತ್ತಾರೆ.

ಕಣಗಳು ರೇಖೆ ದಾಟಲ್ಲ ಅಂದ ಮೇಲೆ ಸೌರ ಬಿರುಗಾಳಿ ಒಳಗೆ ಬರೋದು ಹೇಗೆ?

ಒಳ್ಳೆಯ ಪ್ರಶ್ನೆ. ಉತ್ತರ ಇರುವುದು ದಿಕ್ಕಿನಲ್ಲಿ. ಹಗಲಿನ ಕಡೆಯ ಗಡಿಯಲ್ಲಿ ಭೂಮಿಯ ಕಾಂತರೇಖೆಗಳು ಉತ್ತರಕ್ಕೆ ಮುಖ ಮಾಡಿವೆ. ಸೂರ್ಯ ಉಗುಳಿದ ಪ್ಲಾಸ್ಮಾ ಹೊತ್ತು ತಂದ ರೇಖೆಗಳೂ ಉತ್ತರಕ್ಕೇ ಇದ್ದರೆ ಹೆಚ್ಚೇನೂ ಆಗದು, ಸುಮ್ನೆ ಪಕ್ಕಕ್ಕೆ ಸರಿದು ಹೋಗುತ್ತವೆ. ದಕ್ಷಿಣಕ್ಕೆ ಇದ್ದರೆ ಎದುರುಬದುರು ರೇಖೆಗಳು ಕತ್ತರಿಸಿಕೊಂಡು, ಒಂದರ ತುಂಡು ಇನ್ನೊಂದಕ್ಕೆ ಜೋಡಿಸಿಕೊಳ್ಳುತ್ತವೆ. ಆಗ ಸೌರಮಾರುತದ ರೇಖೆ ಮತ್ತು ಭೂಮಿಯ ರೇಖೆ ಒಂದೇ ದಾರಿಯಾಗುತ್ತದೆ, ಬಾಗಿಲು ತೆರೆದುಕೊಳ್ಳುತ್ತದೆ. ಇದೇ ಕೆಲಸ ಹಿಂದಿನ ಬಾಲದಲ್ಲೂ ನಡೆದು, ಅಲ್ಲಿ ಕೂಡಿಟ್ಟ ಶಕ್ತಿ ಒಮ್ಮೆಲೇ ಭೂಮಿಯ ಕಡೆಗೆ ಸಿಡಿಯುತ್ತದೆ. 1961ರಲ್ಲಿ ಜೇಮ್ಸ್ ಡಂಗಿ ಈ ಚಿತ್ರ ಬಿಡಿಸಿದರು. 2015ರಲ್ಲಿ ಹಾರಿದ ನಾಸಾದ ನಾಲ್ಕು ನೌಕೆಗಳು ಆ ಕತ್ತರಿಸುವ ಜಾಗದೊಳಗೇ ಹಾದುಹೋಗಿ ಅಳೆದವು.

ತೊಂದರೆ ಏನಂದರೆ, ಬರುತ್ತಿರುವ ಪ್ಲಾಸ್ಮಾದ ಕಾಂತಕ್ಷೇತ್ರ ಯಾವ ಕಡೆಗಿದೆ ಅನ್ನುವುದು ದೂರದಿಂದ ಕಾಣುವುದಿಲ್ಲ. ಅದು ಎಲ್1 ಬಿಂದುವಿನಲ್ಲಿರುವ ನೌಕೆಗೆ ತಾಕಿದಾಗಲೇ ಖಚಿತ. ಎಲ್1 ಇರುವುದು ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿ.ಮೀ. ದೂರದಲ್ಲಿ. ಸೆಕೆಂಡಿಗೆ 400-500 ಕಿ.ಮೀ. ವೇಗಕ್ಕೆ ಹೆಚ್ಚುಕಮ್ಮಿ ಒಂದು ಗಂಟೆಯ ದಾರಿ. ನಮಗೆ ಸಿಗುವ ಮುನ್ಸೂಚನೆಯೂ ಅಷ್ಟೇ. 2024ರ ಜನವರಿ 6ರಿಂದ ಆದಿತ್ಯ-ಎಲ್1 ಅಲ್ಲಿ ಸುತ್ತುತ್ತಿದೆ. ಅದರ ಏಳು ಉಪಕರಣಗಳಲ್ಲಿ ಕಾಂತಮಾಪಕ, ಎರಡು ಎಕ್ಸ್‌-ರೇ ಮಾಪಕಗಳು ಮತ್ತು ಕರೋನಾ ನೋಡುವ ವಿಇಎಲ್‌ಸಿ ತಯಾರಾಗಿದ್ದು ಬೆಂಗಳೂರಿನ ಸಂಸ್ಥೆಗಳಲ್ಲಿ.

ಬಿರುಗಾಳಿಯಿಂದ ನಿಜವಾಗಿ ಏನು ಹಾಳಾಗುತ್ತೆ?

1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್‌ನಲ್ಲಿ ಸುಮಾರು 60 ಲಕ್ಷ ಜನರಿಗೆ ಒಂಬತ್ತು ಗಂಟೆ ಕರೆಂಟ್ ಹೋಯಿತು. ಕಾಂತಕ್ಷೇತ್ರ ಬೇಗ ಬೇಗ ಏರಿಳಿದಾಗ ನೆಲದಲ್ಲಿ, ಉದ್ದ ವಿದ್ಯುತ್ ತಂತಿಗಳಲ್ಲಿ ಬೇಡದ ಪ್ರವಾಹ ಹರಿಯುತ್ತದೆ. ಟ್ರಾನ್ಸ್‌ಫಾರ್ಮರುಗಳಿಗೆ ಅದು ಆಗಿಬರುವುದಿಲ್ಲ. 2022ರ ಫೆಬ್ರುವರಿಯಲ್ಲಿ ಹಾರಿದ 49 ಸ್ಟಾರ್‌ಲಿಂಕ್ ಉಪಗ್ರಹಗಳಲ್ಲಿ ಸುಮಾರು 40 ಉದುರಿಹೋದವು. ಬಿರುಗಾಳಿ ದೊಡ್ಡದೇನಲ್ಲ, ಆದರೆ ಮೇಲ್ವಾತಾವರಣ ಕಾದು ಉಬ್ಬಿ, ಕೆಳಗಿನ ಕಕ್ಷೆಯಲ್ಲಿದ್ದ ಅವಕ್ಕೆ ಎಳೆತ ಹೆಚ್ಚಾಯಿತು.

ದಕ್ಷಿಣ ಭಾರತಕ್ಕೂ ಇದಕ್ಕೂ ಏನು ಸಂಬಂಧ?

ಬಹಳ ಇದೆ. ಕಾಂತ ಸಮಭಾಜಕ ನಮ್ಮ ದೇಶದ ದಕ್ಷಿಣ ತುದಿಯ ಹತ್ತಿರವೇ ಹಾದುಹೋಗುತ್ತದೆ. ಅಲ್ಲಿ ಕಾಂತರೇಖೆ ನೆಲಕ್ಕೆ ಸಮಾನಾಂತರ. ಈ ಕಾರಣಕ್ಕೆ ಸುಮಾರು 105 ಕಿ.ಮೀ. ಎತ್ತರದಲ್ಲಿ, ಹಗಲು ಹೊತ್ತು, ಕಿರಿದಾದ ಪಟ್ಟಿಯಲ್ಲಿ ಜೋರಾದ ವಿದ್ಯುತ್ ಹೊಳೆಯೊಂದು ಹರಿಯುತ್ತದೆ. ವಿಕ್ರಮ್ ಸಾರಾಭಾಯಿ ತಿರುವನಂತಪುರದ ಪಕ್ಕದ ತುಂಬಾವನ್ನು ಆರಿಸಿಕೊಂಡಿದ್ದೇ ಇದನ್ನು ರಾಕೆಟ್‌ನಿಂದ ಅಳೆಯಲು ಅನುಕೂಲ ಅಂತ. 1963ರ ನವೆಂಬರ್ 21ರಂದು ಅಲ್ಲಿಂದ ಮೊದಲ ರಾಕೆಟ್ ಹಾರಿತು. ಭಾರತದ ಬಾಹ್ಯಾಕಾಶ ಕಾರ್ಯಕ್ರಮದ ವಿಳಾಸ ಬರೆದದ್ದು ಕಾಂತಕ್ಷೇತ್ರ ಅಂದರೂ ತಪ್ಪಿಲ್ಲ.

ಇನ್ನೊಂದು ಹಳೆಯ ಸಂಗತಿ. 1859ರ ಸೆಪ್ಟೆಂಬರಿನ ಕ್ಯಾರಿಂಗ್ಟನ್ ಬಿರುಗಾಳಿ ದಾಖಲೆಯಲ್ಲೇ ಅತಿ ದೊಡ್ಡವುಗಳಲ್ಲಿ ಒಂದು. ಅದರ ಅಮೂಲ್ಯ ಅಳತೆ ಸಿಕ್ಕಿದ್ದು ಮುಂಬೈನ ಕೊಲಾಬಾ ವೀಕ್ಷಣಾಲಯದಲ್ಲಿ. ಅಲ್ಲಿ ಕಾಂತಕ್ಷೇತ್ರ ಸುಮಾರು 1,600 ನ್ಯಾನೊಟೆಸ್ಲಾ ಕುಸಿದಿತ್ತು. ಮುಂದೆ ಮುಂಬೈಗೆ ಎಲೆಕ್ಟ್ರಿಕ್ ಟ್ರಾಮ್ ಬರುತ್ತದೆ, ಅಳತೆ ಕೆಡುತ್ತದೆ ಅಂತ ಕಾಂತಮಾಪಕಗಳನ್ನು ಅಲಿಬಾಗ್‌ಗೆ ಒಯ್ದರು. ಟ್ರಾಮ್‌ಗಳ ಕಾಲ ಮುಗಿಯಿತು, ಅಲಿಬಾಗ್‌ನ ಅಳತೆ ಇಂದಿಗೂ ನಡೆಯುತ್ತಿದೆ.

ಅತಿ ದೊಡ್ಡ ಕಾಂತಗೋಳ ಯಾವ ಗ್ರಹದ್ದು?

ಗುರು. ಇದರಲ್ಲಿ ಪೈಪೋಟಿಯೇ ಇಲ್ಲ. ಅದರ ಕಾಂತಗೋಳ ಕಣ್ಣಿಗೆ ಕಾಣುವಂತಿದ್ದರೆ ನಮ್ಮ ಆಕಾಶದಲ್ಲಿ ಹುಣ್ಣಿಮೆ ಚಂದ್ರನಿಗಿಂತ ದೊಡ್ಡದಾಗಿ ತೋರುತ್ತಿತ್ತು. ಬಾಲ ಶನಿಯ ಕಕ್ಷೆಯವರೆಗೂ ಮುಟ್ಟುತ್ತದೆ. ಒಳಗೆ ಭಾರೀ ಒತ್ತಡದಲ್ಲಿ ಹೈಡ್ರೋಜನ್ ಲೋಹದಂತೆ ವಿದ್ಯುತ್ ಹರಿಸುತ್ತದೆ, ಅದೇ ಅಲ್ಲಿನ ಡೈನಮೋ.

ಆದರೆ ಗಾತ್ರಕ್ಕಿಂತ ನನಗೆ ಸೋಜಿಗ ಅನ್ನಿಸುವುದು ಅದು ನಡೆಯುವ ರೀತಿ. ಭೂಮಿಯಲ್ಲಿ ಯಜಮಾನಿಕೆ ಸೌರಮಾರುತದ್ದು. ಗುರುವಿನಲ್ಲಿ ಹಾಗಿಲ್ಲ. ಅದರ ಉಪಗ್ರಹ ಅಯೋದ ಜ್ವಾಲಾಮುಖಿಗಳಿಂದ ಹೊರಟ ಗಂಧಕ, ಆಮ್ಲಜನಕ ಸೆಕೆಂಡಿಗೆ ಸುಮಾರು ಒಂದು ಟನ್ನಿನಷ್ಟು ಬಾಹ್ಯಾಕಾಶಕ್ಕೆ ಸೇರುತ್ತವೆ. ಅವು ಅಯಾನುಗಳಾಗುತ್ತಿದ್ದಂತೆ ಗುರುವಿನ ಕಾಂತಕ್ಷೇತ್ರ ಹಿಡಿದುಕೊಳ್ಳುತ್ತದೆ. ಗುರು ಹತ್ತು ಗಂಟೆಗೂ ಕಡಿಮೆ ಸಮಯದಲ್ಲಿ ಒಂದು ಸುತ್ತು ತಿರುಗುತ್ತದೆ. ಅಯೋ ತನ್ನ ಕಕ್ಷೆಯಲ್ಲಿ ಸೆಕೆಂಡಿಗೆ 17 ಕಿ.ಮೀ. ಹೋದರೆ, ಅಲ್ಲಿನ ಪ್ಲಾಸ್ಮಾ 74 ಕಿ.ಮೀ. ವೇಗದಲ್ಲಿ ಅದನ್ನು ಹಿಂದೆ ಹಾಕುತ್ತಾ ಓಡುತ್ತದೆ. ಇದರಿಂದ ಅಯೋ ಮತ್ತು ಗುರುವಿನ ನಡುವೆ ಲಕ್ಷಗಟ್ಟಲೆ ಆಂಪಿಯರ್ ಪ್ರವಾಹ ಹರಿದು, ಗುರುವಿನ ಧ್ರುವಪ್ರಭೆಯಲ್ಲಿ (ಧ್ರುವಗಳ ಆಕಾಶದಲ್ಲಿ ಹೊಳೆಯುವ ಬೆಳಕು, ಅಂದರೆ ಅರೋರಾ) ಅಯೋದ್ದೇ ಒಂದು ಚುಕ್ಕೆ ಹೊಳೆಯುತ್ತದೆ. ಅಲ್ಲಿ ಅರೋರಾ ನೋಡಲು ಸೌರ ಬಿರುಗಾಳಿಗೆ ಕಾಯಬೇಕಿಲ್ಲ, ಸದಾ ಉರಿಯುತ್ತಲೇ ಇರುತ್ತದೆ.

ಗುರುವಿನ ರೇಡಿಯೊ ಸದ್ದನ್ನು 1955ರಲ್ಲಿ ಬರ್ಕ್ ಮತ್ತು ಫ್ರ್ಯಾಂಕ್ಲಿನ್ ಆಕಸ್ಮಿಕವಾಗಿ ಕಂಡುಕೊಂಡರು. ಹ್ಯಾಮ್ ಹವ್ಯಾಸಿಗಳು ಇಂದಿಗೂ 20 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಸಾದಾ ಆಂಟೆನಾ ಕಟ್ಟಿ ಅದನ್ನು ಕೇಳುತ್ತಾರೆ.

ಕಾಂತಮಾಪಕದಿಂದ ನೀರು ಹುಡುಕಬಹುದಾ?

ಹುಡುಕಿದ್ದಾರೆ. ಗುರುವಿನ ಕಾಂತ ಅಕ್ಷ ಸುಮಾರು 10 ಡಿಗ್ರಿ ಓರೆ. ಹಾಗಾಗಿ ಯುರೋಪಾ ಉಪಗ್ರಹದ ಸುತ್ತ ಕ್ಷೇತ್ರ ಏರಿಳಿಯುತ್ತಲೇ ಇರುತ್ತದೆ. ಅದಕ್ಕೆ ಪ್ರತಿಯಾಗಿ ಯುರೋಪಾದಿಂದಲೂ ಒಂದು ಕ್ಷೇತ್ರ ಏಳುವುದನ್ನು ಗೆಲಿಲಿಯೊ ನೌಕೆ ಕಂಡಿತು. ಒಳಗೆ ವಿದ್ಯುತ್ ಹರಿಸುವ ಪದರ ಇದ್ದರೆ ಮಾತ್ರ ಇದು ಸಾಧ್ಯ. ಮಂಜುಗಡ್ಡೆಯ ಕೆಳಗಿನ ಉಪ್ಪುನೀರಿನ ಸಾಗರಕ್ಕೆ ಇದೇ ಬಲವಾದ ಸಾಕ್ಷಿ.

ಶನಿಯ ಉಪಗ್ರಹ ಎನ್ಸೆಲಾಡಸ್ ಕಥೆ ಇನ್ನೂ ಚೆನ್ನ. 2005ರಲ್ಲಿ ಕಸ್ಸಿನಿ ಅದರ ಹತ್ತಿರ ಹೋದಾಗ, ಬರೀ ಗಟ್ಟಿ ಮಂಜಿನ ಗುಂಡಿನ ಸುತ್ತ ಇರಬಾರದ ರೀತಿಯಲ್ಲಿ ಕಾಂತರೇಖೆಗಳು ಬಾಗಿದ್ದವು. ಕಾಂತಮಾಪಕದ ಮುಖ್ಯಸ್ಥೆ ಮಿಷೆಲ್ ಡೌಗರ್ಟಿ ಮುಂದಿನ ಸಲ ಇನ್ನೂ ಹತ್ತಿರ ಹೋಗೋಣ ಅಂತ ತಂಡವನ್ನು ಒಪ್ಪಿಸಿದರು. ಜುಲೈನಲ್ಲಿ ನೌಕೆ 173 ಕಿ.ಮೀ. ಹತ್ತಿರ ಹಾಯ್ದಾಗ ದಕ್ಷಿಣ ಧ್ರುವದಿಂದ ನೀರಾವಿ ಚಿಮ್ಮುತ್ತಿರುವುದು ಖಾತ್ರಿಯಾಯಿತು.

ಯುರೇನಸ್ ಬಗ್ಗೆ ಪುಸ್ತಕಗಳು ತಪ್ಪು ಹೇಳಿದ್ವಂತೆ?

ತಪ್ಪು ಅನ್ನುವುದಕ್ಕಿಂತ ಗ್ರಹಚಾರ. ಅಲ್ಲಿಗೆ ಹೋದ ನೌಕೆ ಒಂದೇ ಒಂದು: 1986ರ ಜನವರಿಯಲ್ಲಿ ವಾಯೇಜರ್ 2. ಕಾಂತ ಅಕ್ಷ ತಿರುಗುವ ಅಕ್ಷಕ್ಕೆ 59 ಡಿಗ್ರಿ ಓರೆ, ಗ್ರಹದ ನಡುವಿನಲ್ಲೂ ಇಲ್ಲ. ಇದು ಇಂದಿಗೂ ನಿಜ. ಆದರೆ ಅಲ್ಲಿ ಪ್ಲಾಸ್ಮಾ ಬಹಳ ಕಡಿಮೆ, ವಿಕಿರಣ ಪಟ್ಟಿ ಮಾತ್ರ ವಿಪರೀತ ಜೋರು ಅಂತ ಕಂಡಿದ್ದು ದಶಕಗಳ ಕಾಲ ಒಗಟಾಗಿತ್ತು. 2024ರಲ್ಲಿ ಹಳೆಯ ದತ್ತಾಂಶವನ್ನು ಮತ್ತೆ ಕೆದಕಿದವರು ಕಂಡದ್ದು: ನೌಕೆ ತಲುಪುವ ಸ್ವಲ್ಪ ಮುಂಚೆ ಸೌರಮಾರುತ ಜೋರಾಗಿ ಆ ಕಾಂತಗೋಳವನ್ನು ಹಿಸುಕಿಬಿಟ್ಟಿತ್ತು. ಒಂದೇ ಭೇಟಿಯಲ್ಲಿ ಕಂಡದ್ದನ್ನು ಆ ಗ್ರಹದ ಸ್ವಭಾವ ಅಂದುಕೊಂಡಿದ್ದೆವು.

ಬುಧ, ಚಂದ್ರ?

ಬುಧಕ್ಕೆ ಕಾಂತಕ್ಷೇತ್ರ ಇದೆ, ಆದರೆ ನಮ್ಮದರ ಶೇಕಡಾ ಒಂದರಷ್ಟು. 2018ರಲ್ಲಿ ಹೊರಟ ಬೆಪಿಕೊಲಂಬೊ ಅದನ್ನು ವಿವರವಾಗಿ ನೋಡಲಿದೆ. ಚಂದ್ರನಿಗೆ ಒಟ್ಟಾರೆ ಕ್ಷೇತ್ರ ಇಲ್ಲ, ಅಲ್ಲಲ್ಲಿ ಬಂಡೆಗಳು ಮಾತ್ರ ಕಾಂತೀಯ. ಆ ಪುಟ್ಟ ಜಾಗಗಳೂ ಸೌರಮಾರುತವನ್ನು ಪಕ್ಕಕ್ಕೆ ಸರಿಸುವುದನ್ನು ಚಂದ್ರಯಾನ-1ರ ಸಾರಾ ಉಪಕರಣ ಚಿತ್ರಿಸಿತು.

ಇಷ್ಟು ತೆಳುವಾದ ಪ್ಲಾಸ್ಮಾವನ್ನು ಅಳೆಯೋದು ಹೇಗೆ?

ಒಂದು ಸೊಗಸಾದ ದಾರಿ ಇದೆ. ಪ್ಲಾಸ್ಮಾದ ಎಲೆಕ್ಟ್ರಾನುಗಳನ್ನು ಅಲುಗಿಸಿದರೆ ಅವು ಒಂದು ನಿರ್ದಿಷ್ಟ ಆವರ್ತನದಲ್ಲಿ ತೊನೆಯುತ್ತವೆ. ಅದು ಎಲೆಕ್ಟ್ರಾನುಗಳ ದಟ್ಟಣೆಯನ್ನು ಮಾತ್ರ ಅವಲಂಬಿಸಿದೆ. ಆವರ್ತನ ಗೊತ್ತಾದರೆ ದಟ್ಟಣೆ ಗೊತ್ತಾದಂತೆ.

ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನಲ್ಲಿರುವ ರೇಡಿಯೊ ವೀಕ್ಷಣಾಲಯ ಸೂರ್ಯನ ಕರೋನಾವನ್ನು ನೋಡುವುದು ಇದೇ ತತ್ವದಿಂದ. ಅಲ್ಲಿ 80 ಮೆಗಾಹರ್ಟ್ಸ್‌ನಲ್ಲಿ ಒಂದು ಸಿಡಿತ ಸಿಕ್ಕರೆ, ಅದು ಹುಟ್ಟಿದ ಜಾಗದಲ್ಲಿ ಘನ ಸೆಂಟಿಮೀಟರಿಗೆ ಸುಮಾರು 8 ಕೋಟಿ ಎಲೆಕ್ಟ್ರಾನು ಇವೆ ಎಂದರ್ಥ. ಆವರ್ತನ ಇಳಿಯುತ್ತಾ ಹೋದರೆ ಆ ಸಿಡಿತಕ್ಕೆ ಕಾರಣವಾದ ಆಘಾತದ ಅಲೆ ತೆಳು ಜಾಗದತ್ತ, ಅಂದರೆ ಹೊರಗೆ ಹೋಗುತ್ತಿದೆ.

ಇದೇ ಲೆಕ್ಕ ವಾಯೇಜರ್ 1ಕ್ಕೂ ಕೆಲಸಕ್ಕೆ ಬಂತು. ಅದರ ಪ್ಲಾಸ್ಮಾ ಮಾಪಕ 1980ರಲ್ಲೇ ಕೆಟ್ಟಿತ್ತು. ಹಾಗಾಗಿ ನೌಕೆ ಸೌರಮಾರುತದ ಗಡಿ ದಾಟಿತೋ ಇಲ್ಲವೋ ಅಂತ ಜಗಳ ನಡೆದಿತ್ತು. 2013ರಲ್ಲಿ ಸೂರ್ಯನ ಸಿಡಿತವೊಂದರ ಅಲೆ ಅಲ್ಲಿಗೆ ತಲುಪಿ ಸುತ್ತಲಿನ ಪ್ಲಾಸ್ಮಾವನ್ನು ಅಲುಗಿಸಿತು. ಆಂಟೆನಾದಲ್ಲಿ ಕೇಳಿದ್ದು ಸುಮಾರು 2.6 ಕಿಲೋಹರ್ಟ್ಸ್. ಲೆಕ್ಕ ಹಾಕಿದರೆ ಘನ ಸೆಂಟಿಮೀಟರಿಗೆ 0.08 ಎಲೆಕ್ಟ್ರಾನು, ಗಡಿಯ ಒಳಗಿದ್ದುದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. 2012ರ ಆಗಸ್ಟ್ 25ರಂದೇ ನೌಕೆ ನಕ್ಷತ್ರಗಳ ನಡುವಿನ ಜಾಗಕ್ಕೆ ಕಾಲಿಟ್ಟಿತ್ತು ಅಂತ ತೀರ್ಮಾನವಾಯಿತು.

ಭೂಮಿಯ ಧ್ರುವಗಳು ಅದಲುಬದಲಾದರೆ ಪ್ರಳಯವಾ?

ಅಲ್ಲ. ಕೊನೆಯ ಪೂರ್ಣ ಬದಲಾವಣೆ ಆಗಿದ್ದು ಸುಮಾರು 7.8 ಲಕ್ಷ ವರ್ಷಗಳ ಹಿಂದೆ. ನಮ್ಮ ಪೂರ್ವಜರು ಆಗಲೂ ಇದ್ದರು. ಅದು ನಡೆಯುವುದು ಸಾವಿರಾರು ವರ್ಷಗಳ ಲೆಕ್ಕದಲ್ಲಿ.

ಕರ್ನಾಟಕದಿಂದ ಅರೋರಾ ಕಾಣುತ್ತಾ?

ಇಲ್ಲ. 2024ರ ಮೇ 10-11ರ ಬಿರುಗಾಳಿ 2003ರ ನಂತರದ ಅತಿ ಜೋರಿನದು. ಆಗ ಕೂಡ ಭಾರತದಲ್ಲಿ ಕಂಡದ್ದು ಲಡಾಖ್‌ನ ಹಾನ್ಲೆಯಂಥ ಜಾಗಗಳಲ್ಲಿ, ಉತ್ತರದ ದಿಗಂತದ ಹತ್ತಿರ ಕೆಂಪು ಛಾಯೆಯಾಗಿ. ಕೆಂಪೇ ಏಕೆಂದರೆ, ಆಮ್ಲಜನಕದ ಹಸಿರು ಬೆಳಕು ಹೊಮ್ಮುವುದು ಸುಮಾರು 100 ಕಿ.ಮೀ. ಎತ್ತರದಲ್ಲಿ, ಕೆಂಪು ಹೊಮ್ಮುವುದು 200 ಕಿ.ಮೀ.ಗೂ ಮೇಲೆ. ಅಷ್ಟು ದೂರದಿಂದ ನೋಡುವವರಿಗೆ ಹಸಿರು ಭಾಗ ಭೂಮಿಯ ಬಾಗಿನ ಕೆಳಗೆ ಉಳಿಯುತ್ತದೆ. ಹಾಗಾಗಿ ನೆತ್ತಿಯ ಮೇಲೆ ಹಸಿರು ಪರದೆ ಹರಡಿರುವ 'ಲಡಾಖ್ ಅರೋರಾ' ಫೋಟೊ ವಾಟ್ಸಾಪ್‌ನಲ್ಲಿ ಬಂದರೆ ಫಾರ್ವರ್ಡ್ ಮಾಡುವ ಮುನ್ನ ಒಮ್ಮೆ ಅನುಮಾನಿಸಿ.